ಬೆಳಗ್ಗೆ ಎದ್ದು ನರಿ ಮುಖ ನೋಡುವ ಊರು

ನಮ್ಮ ಹಿತ್ತಿಲ ಗೋಡೆ ಮೇಲೆ ನಿಂತಿದ್ದ ಕಯೋಟಿಯ ಫೋಟೋವನ್ನು ಅಮ್ಮನಿಗೆ ಕಳಿಸಿದ್ದೆ. ಐದೇ ನಿಮಿಷಕ್ಕೆ ಕೊಪ್ಪದಿಂದ ಫೋನ್ ಬಂತು. "ಬೆಳಗ್ಗೆ ಎದ್ದು ನರಿ ಮುಖ ನೋಡಿದ್ಯಲ್ಲೋ, ಇವತ್ತು ಮುಟ್ಟಿದ್ದೆಲ್ಲಾ ಚಿನ್ನ ಬಿಡು" ಅಂದಳು. ನಾನು ಹೂಂ ಅಂದೆ ಅಷ್ಟೇ. ಮೂರು ವಾರದ ಹಿಂದೆ ಇದೇ ನರಿಯೋ ಇದರ ತಮ್ಮನೋ ನಮ್ಮ ನಾಯಿ ಕಡ್ಲೆಯ ಪಕ್ಕೆಗೆ ಬಾಯಿ ಹಾಕಿ ಎತ್ತಿಕೊಂಡು ಹೋಗಲು ನೋಡಿತ್ತು. ಅದನ್ನು ಅವಳಿಗೆ ಇನ್ನೂ ಹೇಳಿರಲಿಲ್ಲ.

ನಾವಿರುವುದು ಸ್ಯಾನ್ ಡಿಯಾಗೊದ ಉತ್ತರ ಭಾಗದಲ್ಲಿ. ಇಲ್ಲಿ ಮನೆಗಳೆಲ್ಲ ಚಪ್ಪಟೆ ದಿಬ್ಬಗಳ ಮೇಲೆ. ದಿಬ್ಬ ದಿಬ್ಬದ ನಡುವೆ ಕುರುಚಲು ತುಂಬಿದ ಕಣಿವೆ. ಕೈ ಬೆರಳು ಅಗಲಿಸಿ ನೋಡಿ, ಬೆರಳು ಊರು, ಸಂದು ಕಾಡು. ಯಾವ ಮನೆಯೂ ಕಾಡಿಗೆ ಬಹಳ ದೂರವಿಲ್ಲ. ಕಯೋಟಿ ನಮ್ಮ ಗುಳ್ಳೆನರಿಯ ದಾಯಾದಿ. ಅದಕ್ಕಿಂತ ಸ್ವಲ್ಪ ದೊಡ್ಡದು, ತೋಳಕ್ಕಿಂತ ಚಿಕ್ಕದು. ತೂಕ ಸುಮಾರು 10ರಿಂದ 15 ಕಿಲೋ. ಉದ್ದ ಕಾಲು, ಓಡುವಾಗ ಬಾಲ ಕೆಳಗೆ. ಎರಡು ಸೇರಿ ಊಳಿಟ್ಟರೆ ಹತ್ತು ಇದ್ದ ಹಾಗೆ ಕೇಳುತ್ತದೆ. ಆಂಬ್ಯುಲೆನ್ಸ್ ಸೈರನ್ ಹೋದರಂತೂ ಇಡೀ ಕಣಿವೆ ದನಿಗೂಡಿಸುತ್ತದೆ. ನರಿ ಕೂಗು ಗಿರಿಗೆ ಮುಟ್ಟೀತೇ ಅನ್ನುತ್ತಾರಲ್ಲ, ಇಲ್ಲಿ ಮುಟ್ಟುತ್ತದೆ, ಮಲಗುವ ಕೋಣೆಗೂ ಬರುತ್ತದೆ.

ಕಡ್ಲೆ ಆರು ಕಿಲೋ. ಚಿವಾವಾ ಬೆರಕೆ. ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ದಿಕ್ಕಿಲ್ಲದ ನಾಯಿಗಳ ಆಶ್ರಯಕ್ಕೆ ಹೋದರೆ ಇದರ ಅಣ್ಣತಮ್ಮಂದಿರೇ ಜಾಸ್ತಿ. ಬಣ್ಣ ಹುರಿಗಡಲೆಯದ್ದು, ಅದಕ್ಕೇ ಆ ಹೆಸರು.

ಅವತ್ತು ಫೆಬ್ರವರಿ, ಬೆಳಗ್ಗೆ ಆರೂಕಾಲು. ಬಾಗಿಲು ತೆಗೆದು ಕಡ್ಲೆಯನ್ನು ಹುಲ್ಲಿಗೆ ಬಿಟ್ಟೆ. ಒಂದು ಕೈಯಲ್ಲಿ ಕಾಫಿ ಲೋಟ, ಇನ್ನೊಂದರಲ್ಲಿ ಫೋನು. ಅಡಿಕೆ ಧಾರಣೆ ನೋಡುತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ಕಡ್ಲೆ ನನ್ನಿಂದ ಹನ್ನೆರಡು ಅಡಿ ದೂರದಲ್ಲಿ ಇದ್ದಿರಬಹುದು. ಬೊಗಳಿದ್ದು ಕೇಳಲಿಲ್ಲ, ಗುರುಗುಟ್ಟಿದ್ದೂ ಕೇಳಲಿಲ್ಲ. ಒಂದು ಕುಂಯ್ ಮಾತ್ರ. ತಲೆ ಎತ್ತಿದರೆ ಕಡ್ಲೆಯ ನಾಲ್ಕೂ ಕಾಲು ನೆಲದ ಮೇಲಿಲ್ಲ. ನಾನು ಕಿರುಚಿದ್ದು ಕನ್ನಡವೂ ಅಲ್ಲ, ಇಂಗ್ಲಿಷೂ ಅಲ್ಲ. ಲೋಟ ಎಸೆದೆ. ಅದು ಗೋಡೆಗೆ ಬಡಿದು ಠಣ್ ಅಂತು. ಕಯೋಟಿ ಬಾಯಿ ಬಿಟ್ಟಿತು. ಕಣಿವೆ ಕಡೆಯ ಐದಡಿ ಕಬ್ಬಿಣದ ಬೇಲಿಗೆ ನೆಗೆದು, ಮೇಲಿನ ಪಟ್ಟಿಗೆ ಮುಂಗಾಲು ಊರಿ, ಹಿಂಗಾಲಿನಿಂದ ಪರಚಿಕೊಂಡು ದಾಟಿತು. ಆಚೆ ಇಳಿದ ಮೇಲೆ ಓಡಲೂ ಇಲ್ಲ. ಒಮ್ಮೆ ತಿರುಗಿ ನೋಡಿ, ಸಂತೆ ಮುಗಿಸಿದವರ ಹಾಗೆ ನಡೆದುಕೊಂಡು ಹೋಯಿತು.

ಕಡ್ಲೆಯ ಪಕ್ಕೆಯಲ್ಲಿ ನಾಲ್ಕು ಸಣ್ಣ ತೂತು. ರಕ್ತ ಹೆಚ್ಚಿಲ್ಲ. ಇಷ್ಟೇನಾ, ಅರಿಶಿನ ಹಚ್ಚಿದರೆ ಸಾಕು ಅಂದುಕೊಂಡೆ. ಹೆಂಡತಿ ಬಿಡಲಿಲ್ಲ, ಆಸ್ಪತ್ರೆಗೆ ಹೋದೆವು. ವೈದ್ಯೆ ಕೂದಲು ಬೋಳಿಸಿ, ಒಂದು ತೂತಿನೊಳಗೆ ತೆಳ್ಳನೆ ಕಡ್ಡಿ ತೂರಿಸಿದರು. ಕಡ್ಡಿ ಬೆರಳುದ್ದ ಒಳಗೆ ಹೋಯಿತು. ನಾಯಿಯ ಚರ್ಮ ಸಡಿಲ. ಕಚ್ಚಿ ಜಾಡಿಸಿದಾಗ ಹೊರಗೆ ಹಲ್ಲಿನ ಗುರುತಷ್ಟೇ ಕಾಣುತ್ತದೆ, ಒಳಗೆ ಚರ್ಮ ಮಾಂಸದಿಂದ ಕಿತ್ತು ಬಂದಿರುತ್ತದೆ. ಅಲ್ಲೇ ಕೀವು ಕಟ್ಟುತ್ತದೆ. ಕೀವು ಹೊರಬರಲು ಕೊಳವೆ ಇಟ್ಟರು, ರೇಬೀಸ್ ಲಸಿಕೆ ಇನ್ನೊಮ್ಮೆ ಹಾಕಿದರು, ಗಾಯ ನೆಕ್ಕದ ಹಾಗೆ ಕುತ್ತಿಗೆಗೆ ಲಾಳಿಕೆ ಕಟ್ಟಿ ಕಳಿಸಿದರು. ಬಿಲ್ಲು ಎಷ್ಟಾಯಿತು ಅಂತ ಬರೆದರೆ ಊರಲ್ಲಿ ನನ್ನ ತಲೆ ಸರಿಯಿಲ್ಲ ಅಂತಾರೆ.

ಅದಾದ ಮೇಲೆ ಶುರುವಾಯಿತು ಸಲಹೆಗಳ ಮಳೆ. ಇಲ್ಲಿ ಯಾವ ಕಷ್ಟ ಹೇಳಿಕೊಂಡರೂ ಅದಕ್ಕೊಂದು ಸಾಮಾನು ಇರುತ್ತದೆ. ಬೇಲಿ ಮೇಲೆ ಕೂರಿಸುವ ಅಲ್ಯುಮಿನಿಯಂ ಉರುಳೆ ಇದೆ. ಅದರ ಯೋಚನೆ ಚೆನ್ನಾಗಿದೆ. ಕಯೋಟಿ ಜಿಂಕೆ ಹಾಗೆ ಹಾರಿ ದಾಟುವುದು ಕಡಿಮೆ, ಮೇಲಂಚಿಗೆ ಕಾಲು ಊರಿ ಹತ್ತುತ್ತದೆ. ಊರಿದ ಜಾಗವೇ ತಿರುಗಿದರೆ ಜಾರಿ ಬೀಳುತ್ತದೆ. ಬೇಲಿ ಆರಡಿಯಾದರೂ ಇರಬೇಕು. ತೋಡಿ ನುಗ್ಗದ ಹಾಗೆ ಬುಡದಲ್ಲಿ ತಂತಿ ಬಲೆಯನ್ನು ಹೊರಗೆ ಮಡಿಸಿ ಹೂಳಬೇಕು. ನಾಯಿಗೆ ತೊಡಿಸುವ ಮುಳ್ಳಿನ ಅಂಗಿಯೂ ಇದೆ. ತಮ್ಮ ನಾಯಿಯನ್ನು ಕಯೋಟಿಗೆ ಕಳೆದುಕೊಂಡ ಇದೇ ಸ್ಯಾನ್ ಡಿಯಾಗೊದ ದಂಪತಿ ಅದನ್ನು ಮಾಡಿದವರು. ಗಟ್ಟಿ ಬಟ್ಟೆ, ಕುತ್ತಿಗೆ ಸುತ್ತ ಚೂಪು ಮುಳ್ಳು, ಬೆನ್ನ ಮೇಲೆ ಮುಳ್ಳುಹಂದಿಯಂತೆ ಬಣ್ಣದ ಕಡ್ಡಿಗಳು. ತೊಡಿಸಿದರೆ ಕಡ್ಲೆ ಯಕ್ಷಗಾನದ ಬಣ್ಣದ ವೇಷದ ಹಾಗೆ ಕಾಣುತ್ತದೆ. ಮಣ್ಣಲ್ಲಿ ತಂತಿ ಹೂತಿಟ್ಟು, ನಾಯಿಯ ಕೊರಳಪಟ್ಟಿಯಿಂದ ಅದಕ್ಕೆ ಕರೆಂಟು ಹೊಡೆಸುವ ಕಾಣದ ಬೇಲಿ ಮಾತ್ರ ಬೇಡವೇ ಬೇಡ. ಅದು ನಾಯಿಯನ್ನು ಒಳಗೆ ಕಟ್ಟಿಹಾಕುತ್ತದೆ, ಕಯೋಟಿಯನ್ನು ತಡೆಯುವುದಿಲ್ಲ. ಊಟ ಬಡಿಸಿ ಎಲೆ ಮುಂದೆ ಕೂರಿಸಿದ ಹಾಗೆ.

ನಾವು ಉರುಳೆಯನ್ನೇ ಹಾಕಿಸಿದೆವು. ಹಾಕಲು ಬಂದವರು ಮೂರು ಕಡೆ ಹಾಕಿ, ಪಕ್ಕದ ಗೇಟಿನ ಮೇಲೆ ಬಿಟ್ಟು ಹೋದರು. ನಾನೂ ಗಮನಿಸಲಿಲ್ಲ. ಅಮ್ಮನಿಗೆ ಕಳಿಸಿದ ಫೋಟೋದಲ್ಲಿ ಕಯೋಟಿ ಹತ್ತಿ ನಿಂತಿದ್ದು ಆ ಗೇಟಿನ ದಾರಿಯಲ್ಲೇ.

ಆಗ ನೆನಪಾಗಿದ್ದು ಊರಿನ ಕರಿಯ. ಮಲೆನಾಡಿನ ನಮ್ಮ ಮನೆಯಲ್ಲಿ ನಾಯಿಗೆ ಭಯ ಚಿರತೆಯದು. ನಮ್ಮ ಕಡೆ ಅದನ್ನು ಕುರ್ಕ ಅನ್ನುತ್ತಾರೆ. ಅಜ್ಜ ಹಳೇ ಟಯರಿನ ಪಟ್ಟಿ ಕತ್ತರಿಸಿ, ಒಳಗಿನಿಂದ ಮೊಳೆ ಹೊಡೆದು, ಚೂಪು ಹೊರಗೆ ಬರುವ ಹಾಗೆ ಕರಿಯನಿಗೆ ಕೊರಳಪಟ್ಟಿ ಮಾಡಿದ್ದರು. ಕುರ್ಕ ಕುತ್ತಿಗೆಗೇ ಬಾಯಿ ಹಾಕುತ್ತದೆ ಅನ್ನುವ ಲೆಕ್ಕ. ಹಿಮಾಚಲದ ಗದ್ದಿ ಕುರುಬರ ನಾಯಿಗಳಿಗೂ ಇಂಥದ್ದೇ ಕಬ್ಬಿಣದ ಪಟ್ಟಿ ಇರುತ್ತದೆ. ಅಂದರೆ ಅಂಗಡಿಯ ಮುಳ್ಳಿನ ಅಂಗಿ ನನಗೆ ಹೊಸದೇನಲ್ಲ, ಅಜ್ಜ ಅದನ್ನು ದುಡ್ಡಿಲ್ಲದೆ ಮಾಡಿದ್ದರು. ಒಂದು ಮಳೆಗಾಲದಲ್ಲಿ ಪಟ್ಟಿ ಉಜ್ಜಿ ಕೊರಳು ಹುಣ್ಣಾಯಿತು ಅಂತ ಬಿಚ್ಚಿಟ್ಟರು. ಎರಡನೇ ರಾತ್ರಿಯೇ ಜಗುಲಿಯಿಂದ ಕರಿಯ ಹೋಯಿತು. ಬೆಳಗ್ಗೆ ಕಂಬಕ್ಕೆ ಕಟ್ಟಿದ ಸರಪಳಿ, ಅಂಗಳದ ಕೆಸರಿನಲ್ಲಿ ಎಳೆದ ಗುರುತು. ಪಟ್ಟಿ ಮೊಳೆಗೆ ನೇತಾಡುತ್ತಿತ್ತು.

ಅಜ್ಜ ಮೂರು ದಿನ ಮಾತಾಡಲಿಲ್ಲ. ನಾಲ್ಕನೇ ದಿನ ಇನ್ನೊಂದು ಮರಿ ಬಂತು. ಅದಕ್ಕೂ ಕರಿಯ ಅಂತಲೇ ಹೆಸರು. ಅದನ್ನೂ ಜಗುಲಿಯಲ್ಲೇ ಕಟ್ಟಿದರು.

ಊರಿನ ರೀತಿಯನ್ನು ಸುಮ್ನೆ ಹೊಗಳಲು ನನಗೆ ಬಾಯಿ ಬಾರದಿರುವುದು ಇದಕ್ಕೇ. ನಮ್ಮ ಹಿರಿಯರು ಕಾಡಿನ ಜೊತೆ ಹೊಂದಿಕೊಂಡು ಬಾಳಿದರು ಅಂತ ಇಲ್ಲಿನ ಕನ್ನಡ ಕೂಟದಲ್ಲಿ ಯಾರಾದರೂ ಶುರು ಮಾಡಿದರೆ ನನಗೆ ಆ ಸರಪಳಿ ಕಣ್ಣೆದುರು ಬರುತ್ತದೆ. ಹೊಂದಿಕೊಂಡಿದ್ದು ನಾವು, ಲೆಕ್ಕ ತೀರಿಸಿದ್ದು ನಾಯಿ. ನಾವು ಬಾಗಿಲು ಹಾಕಿ ಒಳಗೆ, ಅದು ಹೊರಗೆ. ಅದು ಬೊಗಳಿದರೆ ನಮಗೆ ಎಚ್ಚರ. ಮಹಾರಾಷ್ಟ್ರದ ಅಕೋಲೆ ಕಡೆ ವನ್ಯಜೀವಿ ವಿಜ್ಞಾನಿ ವಿದ್ಯಾ ಅಥ್ರೇಯ ಮತ್ತು ಜೊತೆಗಾರರು ಚಿರತೆಯ ಹಿಕ್ಕೆ ಪರೀಕ್ಷೆ ಮಾಡಿದ್ದರು. ಅವು ತಿಂದ ಆಹಾರದ ತೂಕದಲ್ಲಿ ಶೇ 39 ಸಾಕುನಾಯಿ, ಬೀದಿನಾಯಿಗಳದ್ದೇ. ಓದಿದಾಗ ನನಗೇನೂ ಆಶ್ಚರ್ಯವಾಗಲಿಲ್ಲ.

ಅಮೆರಿಕದವರು ಈ ಒಂದು ವಿಷಯದಲ್ಲಿ ನಮಗಿಂತ ಸರಿ. ನಾಯಿ ಮನೆಯೊಳಗೆ ಮಲಗಬೇಕು, ಅದಕ್ಕೆ ಏನಾದರೂ ಆದರೆ ತಪ್ಪು ನಮ್ಮದು, ಹಣೆಬರಹದ್ದಲ್ಲ. ಆದರೆ ಆ ಜವಾಬ್ದಾರಿಯನ್ನು ಕೂಡಲೇ ಬೇಲಿಯ ಕೈಗೆ ಕೊಟ್ಟು ತಾವು ಒಳಗೆ ಹೋಗುತ್ತಾರೆ. ನಾನೂ ಹಾಗೇ ಮಾಡಿದೆ. ನಾಯಿಯೇ ತಳ್ಳಿಕೊಂಡು ಹೋಗುವ ಸಣ್ಣ ಬಾಗಿಲನ್ನು ರಾತ್ರಿಯೆಲ್ಲ ತೆರೆದಿಡುವ ಮನೆಗಳಿವೆ. ಅದೇ ಬಾಗಿಲಲ್ಲಿ ಕಯೋಟಿಯೂ ಒಳಗೆ ಬರಬಹುದು, ಅಲ್ವಾ?

ನನಗೆ ಗೊತ್ತಾದ ಮಟ್ಟಿಗೆ ಕೆಲಸ ಮಾಡುವುದು ಒಂದೇ, ನಾಯಿ ಹೊರಗಿದ್ದಾಗ ಮನುಷ್ಯನೂ ಹೊರಗಿರುವುದು. ಫೋನು ಒಳಗೆ. ನಸುಕು ಮತ್ತು ಮುಸ್ಸಂಜೆಯಲ್ಲಿ ಇನ್ನೂ ಹತ್ತಿರ. ವಾಕಿಂಗ್ ಹೋದರೆ ಆರಡಿಯ ಗಿಡ್ಡ ಹಗ್ಗ. ಗುಂಡಿ ಒತ್ತಿದರೆ ಇಪ್ಪತ್ತಡಿ ಬಿಚ್ಚಿಕೊಳ್ಳುವ ಹಗ್ಗವನ್ನು ನಾನು ಕಸಕ್ಕೆ ಹಾಕಿದೆ. ಕಯೋಟಿ ಕಂಡರೆ ನಾಯಿಯನ್ನು ಎತ್ತಿಕೊಳ್ಳಬೇಕು, ಬೆನ್ನು ತೋರಿಸಬಾರದು, ಓಡಬಾರದು. ಕೈ ಮೇಲೆತ್ತಿ, ಜೋರಾಗಿ ಗದರಿಸಬೇಕು, ಅದು ಕಣ್ಣಿಗೆ ಮರೆಯಾಗುವ ತನಕ. ಅರ್ಧಕ್ಕೆ ಬಿಟ್ಟರೆ ಮನುಷ್ಯರು ಬರೀ ಬಾಯಿ ಅಂತ ಅದು ಕಲಿಯುತ್ತದೆ. ಡಬ್ಬಿಗೆ ನಾಣ್ಯ ಹಾಕಿ ಅಲ್ಲಾಡಿಸಿ ಅಂತಲೂ ಇಲ್ಲಿಯ ವನ್ಯಜೀವಿ ಇಲಾಖೆಯವರು ಹೇಳಿಕೊಡುತ್ತಾರೆ. ಅದನ್ನು ಓದಿ ನಗು ಬಂತು. ಅಡಿಕೆ ತೋಟಕ್ಕೆ ಮಂಗ ನುಗ್ಗಿದಾಗ ಅಜ್ಜಿ ಮಾಡುತ್ತಿದ್ದದ್ದೂ ಅದೇ ತಾನೇ, ತಗಡಿನ ಡಬ್ಬ ಮತ್ತು ಅವಳ ಗಂಟಲು.

ಇದಕ್ಕೂ ಒಂದು ಹೊತ್ತು ಗೊತ್ತಿದೆ. ಇಲ್ಲಿ ಏಪ್ರಿಲ್, ಮೇ ಸುಮಾರಿಗೆ ಮರಿಗಳಾಗುತ್ತವೆ. ಆಗ ಗವಿಯ ಹತ್ತಿರ ಹೋದರೆ ಕಯೋಟಿ ನಮ್ಮ ಹಿಂದೆ ಹಿಂದೆಯೇ ಬರುತ್ತದೆ. ಬೇಟೆಗಲ್ಲ, ನಮ್ಮನ್ನು ಬೀಳ್ಕೊಡಲು. ಅಲ್ಲಿ ಗದರಿಸಿ ಗೆಲ್ಲಲು ಹೋಗದೆ, ಅದರ ಮೇಲೆ ಕಣ್ಣಿಟ್ಟುಕೊಂಡೇ ನಿಧಾನ ವಾಪಸ್ ಬಂದು ಬೇರೆ ದಾರಿ ಹಿಡಿಯುವುದೇ ಸರಿ. ದೊಡ್ಡ ನಾಯಿಗಳಿಗೂ ಪೆಟ್ಟು ಬೀಳುವುದು ಈ ದಿನಗಳಲ್ಲೇ. ಕಯೋಟಿ ಆಟ ತೋರಿಸಿ ನಾಯಿಯನ್ನು ಗುಂಪಿನ ಕಡೆ ಎಳೆದುಕೊಂಡು ಹೋಗುತ್ತದೆ ಅನ್ನುವುದು ಹೆಚ್ಚಾಗಿ ಕಟ್ಟುಕತೆ. ನಾಯಿಯೇ ಅಟ್ಟಿಸಿಕೊಂಡು ಹೋಗಿ ಸಿಕ್ಕಿಬೀಳುತ್ತದೆ.

ಒಬ್ಬರ ಮನೆ ಭದ್ರವಾದರೆ ಸಾಲದು. ನಮ್ಮ ಬೀದಿಯಲ್ಲಿ ಒಂದು ಮನೆಯವರು ಬೆಕ್ಕಿನ ಊಟದ ಬಟ್ಟಲನ್ನು ರಾತ್ರಿಯೆಲ್ಲ ಹೊರಗಿಡುತ್ತಿದ್ದರು. ಇನ್ನೊಂದು ಮನೆಯಲ್ಲಿ ಅಂಜೂರ ಉದುರಿ ಕೊಳೆಯುತ್ತಿತ್ತು. ಹಕ್ಕಿಗೆ ಹಾಕಿದ ಕಾಳು ತಿನ್ನಲು ಇಲಿ, ಇಲಿ ತಿನ್ನಲು ಕಯೋಟಿ. ಇದು ಬಹುಪಾಲು ತಿನ್ನುವುದು ಇಲಿ, ಮೊಲ, ಹಣ್ಣು. ಷಿಕಾಗೊದಲ್ಲಿ 2000ದಿಂದ ನಡೆಯುತ್ತಿರುವ ಅಧ್ಯಯನದಲ್ಲಿ ಬೆಕ್ಕಿನ ಕುರುಹು ಸಿಕ್ಕಿದ್ದು ಶೇ 2ಕ್ಕಿಂತ ಕಡಿಮೆ ಹಿಕ್ಕೆಯಲ್ಲಿ. ಲಾಸ್ ಏಂಜಲೀಸ್ ನಗರದೊಳಗೆ ನೋಡಿದಾಗ ಸುಮಾರು ಐದರಲ್ಲಿ ಒಂದರಲ್ಲಿ. ಪ್ರಾಣಿ ಒಂದೇ, ಬೀದಿಯಲ್ಲಿ ಏನು ಸಿಗುತ್ತದೋ ಅದನ್ನು ತಿನ್ನುತ್ತದೆ.

ಇಲ್ಲಿಯ ಮನೆಮಾಲೀಕರ ಸಂಘದ ಸಭೆಯಲ್ಲಿ ಒಬ್ಬರು ಎದ್ದು, ಇವನ್ನೆಲ್ಲ ಹೊಡೆಸಿಬಿಡಿ ಅಂದರು. ಚಪ್ಪಾಳೆಯೂ ಬಿತ್ತು. ಅಮೆರಿಕದ ಕೃಷಿ ಇಲಾಖೆಯವರು ದನ ಕುರಿ ಕಾಯಲು ವರ್ಷಕ್ಕೆ ಸುಮಾರು ಅರವತ್ತು ಸಾವಿರ ಕಯೋಟಿ ಕೊಲ್ಲುತ್ತಾರೆ. ಆದರೂ ಇವು ಹವಾಯಿ ಬಿಟ್ಟು ಎಲ್ಲ ರಾಜ್ಯಕ್ಕೂ ಹಬ್ಬಿವೆ. ಒಂದು ಜೋಡಿ ಖಾಲಿ ಮಾಡಿದ ಜಾಗಕ್ಕೆ ಜಾಗ ಹುಡುಕುತ್ತಾ ಅಲೆಯುವ ಬೇರೆ ಕಯೋಟಿಗಳು ಬಂದು ಸೇರುತ್ತವೆ. ಹಿಡಿದು ಬೇರೆ ಕಡೆ ಬಿಡೋಣ ಅಂದರೆ ಕ್ಯಾಲಿಫೋರ್ನಿಯಾದಲ್ಲಿ ಅನುಮತಿಯಿಲ್ಲದೆ ಅದು ಕಾನೂನಿಗೆ ವಿರುದ್ಧ. ಅನ್ನ ಹಾಕುವುದೂ ವಿರುದ್ಧ. ನಾನು ಎದ್ದು ಬೆಕ್ಕಿನ ಬಟ್ಟಲಿನ ವಿಷಯ ಎತ್ತಿದೆ. ಚಪ್ಪಾಳೆ ಬೀಳಲಿಲ್ಲ. ಆದರೆ ಒಂದು ವಾರದಲ್ಲಿ ಬಟ್ಟಲು ಒಳಗೆ ಹೋಯಿತು.

ಬೆಂಗಳೂರಿನ ಕನಕಪುರ ರಸ್ತೆಯಲ್ಲಿರುವ ನನ್ನ ಅತ್ತೆಮಗಳಿಗೂ ಇದನ್ನೇ ಹೇಳಿದೆ. 2023ರ ನವೆಂಬರ್ ಶುರುವಿನಲ್ಲಿ ಕೂಡ್ಲು ಗೇಟ್ ಹತ್ತಿರ ಬಂದ ಚಿರತೆಯನ್ನು ಹಿಡಿಯಲು ಹೋಗಿ ಅದು ಸತ್ತಾಗಿನಿಂದ ಅವಳಿಗೆ ಹೆದರಿಕೆ. ಕಸದ ರಾಶಿ ಇದ್ದಲ್ಲಿ ನಾಯಿ, ನಾಯಿ ಇದ್ದಲ್ಲಿ ಚಿರತೆ. ಲೆಕ್ಕ ಅದೇ. ಆದರೆ ಡಬ್ಬಿ ಹಿಡಿದುಕೊಂಡು ಚಿರತೆಯ ಮುಂದೆ ಹೋಗಬೇಡ ಮಾರಾಯ್ತಿ, ನಾಯಿಯನ್ನು ಒಳಗೆ ಹಾಕಿ ಅರಣ್ಯ ಇಲಾಖೆಗೆ ಫೋನ್ ಮಾಡು ಅಂದೆ.

ಬೇಸಿಗೆಗೆ ಅಮ್ಮ ಬಂದಳು. ಕಡ್ಲೆಯ ಪಕ್ಕೆಯಲ್ಲಿ ಕೂದಲು ಬಾರದ ನಾಲ್ಕು ಚುಕ್ಕಿ ಇದೆ. ಮೊದಲ ದಿನವೇ ಅವಳ ಬೆರಳು ಅಲ್ಲಿಗೆ ಹೋಯಿತು, ನಾನು ಎಲ್ಲ ಹೇಳಬೇಕಾಯಿತು. ಆದರೂ ಎರಡನೇ ದಿನ ರಾತ್ರಿ ಉಳಿದ ಅನ್ನವನ್ನು ತಟ್ಟೆಯಲ್ಲಿ ಹಾಕಿ ಬೇಲಿ ಪಕ್ಕ ಇಟ್ಟು ಬಂದಿದ್ದಳು. ಅನ್ನ ಚೆಲ್ಲಬಾರದು, ಯಾವುದಾದರೂ ಪ್ರಾಣಿ ತಿನ್ನಲಿ ಅಂತ. ನಾನು ತಟ್ಟೆ ಒಳಗೆ ತಂದೆ. "ಅದಕ್ಕೂ ಹೊಟ್ಟೆ ಇಲ್ವೇನೋ" ಅಂದಳು. ಅರ್ಧ ಗಂಟೆ ವಾದ ಆಯಿತು. ಅವಳು ಒಪ್ಪಲಿಲ್ಲ, ಅನ್ನ ಹೊರಗೆ ಹಾಕುವುದನ್ನು ಮಾತ್ರ ಬಿಟ್ಟಳು.

ಮಾರನೇ ದಿನ ಮುಸ್ಸಂಜೆ ಕಡ್ಲೆಯ ಜೊತೆ ಮೆಟ್ಟಿಲ ಮೇಲೆ ಸ್ವೆಟರ್ ಹಾಕಿಕೊಂಡು ಅವಳೇ ಕೂತಳು. ನನ್ನ ನಾಣ್ಯದ ಡಬ್ಬಿಯನ್ನು ಅಲ್ಲಾಡಿಸಿ ನೋಡಿದಳು.

"ಎಷ್ಟು ದುಡ್ಡಿದೆ ಇದ್ರಲ್ಲಿ?"

"ಒಂದೂವರೆ ಡಾಲರ್ ಇರಬಹುದು."

"ನೂರಾ ಮೂವತ್ತು ರೂಪಾಯಿ ನರಿ ಓಡಿಸೋಕೆ!" ಅಂದವಳೇ ನಾಣ್ಯವನ್ನೆಲ್ಲ ಸೆರಗಿಗೆ ಸುರಿದುಕೊಂಡು, ಹೂವಿನ ಕುಂಡದಿಂದ ಒಂದು ಹಿಡಿ ಜಲ್ಲಿ ಕಲ್ಲು ಎತ್ತಿ ಡಬ್ಬಿಗೆ ತುಂಬಿದಳು.