ಬಾಡಿಗೆದಾರರ ಕಾಟಕ್ಕೆ ಮನೆ ಮಾಲೀಕರು ಹೊಣೆಯೇ?

ಪರ: ಬಾಡಿಗೆ ಎಣಿಸುವವರು ದೂರನ್ನೂ ಕೇಳಲಿ

ರಾತ್ರಿ ಎರಡು ಗಂಟೆಗೆ ಮೇಲಿನ ಮನೆಯ ಸ್ಪೀಕರ್ ಗುಡುಗುತ್ತದೆ. ಬೆಳಿಗ್ಗೆ ನೋಡಿದರೆ ಮೆಟ್ಟಿಲ ಮೇಲೆ ಒಡೆದ ಬಾಟಲಿ. ಕೆಳಗಿನವರು ಹೋಗಿ ಬಾಗಿಲು ತಟ್ಟಿದರೆ ಬೈಗುಳ. ಇವರಿಬ್ಬರ ನಡುವೆ ಕರಾರಿಲ್ಲ. ಕರಾರು ಇರುವುದು ಮೇಲಿನವರಿಗೂ ಮಾಲೀಕರಿಗೂ. ಹಾಗಿರುವಾಗ ಮಾಲೀಕರು ‘ನನಗೇನು ಗೊತ್ತು’ ಎಂದು ಕೈ ತೊಳೆದುಕೊಂಡರೆ ಕೆಳಗಿನವರು ಯಾರ ಬಳಿ ಹೋಗಬೇಕು?

ಸ್ಕಾಟ್ಲೆಂಡಿನ 2004ರ ಸಮಾಜವಿರೋಧಿ ವರ್ತನೆ ಕಾಯ್ದೆ ಮಾಲೀಕರು ಹೀಗೆ ನುಣುಚಿಕೊಳ್ಳುವ ದಾರಿಯನ್ನು ಮುಚ್ಚಿತು. ಬಾಡಿಗೆದಾರನೋ ಅವನ ಮನೆಗೆ ಬಂದು ಹೋಗುವವರೋ ಸುತ್ತಲಿನವರಿಗೆ ಕಾಟ ಕೊಟ್ಟರೆ, ಸ್ಥಳೀಯ ಕೌನ್ಸಿಲ್ ಖಾಸಗಿ ಮಾಲೀಕರಿಗೆ ನೋಟಿಸ್ ಕೊಡಬಹುದು: ಇಂಥ ಕ್ರಮ, ಇಷ್ಟರೊಳಗೆ. ಮಾಲೀಕರು ಕಿವಿಗೊಡದಿದ್ದರೆ ಆ ಮನೆಗೆ ಬಾಡಿಗೆಯನ್ನೇ ಕೊಡಬೇಕಿಲ್ಲ ಎಂದು ಅಲ್ಲಿನ ಸ್ಥಳೀಯ ನ್ಯಾಯಾಲಯವಾದ ಷೆರಿಫ್ ನ್ಯಾಯಾಲಯ ಆದೇಶಿಸಬಹುದು. ಮನೆಯ ನಿರ್ವಹಣೆಯನ್ನೇ ಕೌನ್ಸಿಲ್‌ಗೆ ವಹಿಸಲೂಬಹುದು. ಜೇಬಿಗೆ ಕತ್ತರಿ ಬೀಳುತ್ತದೆ ಎಂದಾಗ ಫೋನ್ ಎತ್ತದ ಮಾಲೀಕರೂ ಎತ್ತುತ್ತಾರೆ.

ಮಾಲೀಕರ ಕೈಯಲ್ಲಿ ಏನೂ ಇಲ್ಲ ಎನ್ನುವುದು ನೆಪ. ಮೊದಲ ದೂರಿಗೇ ದಿನಾಂಕ, ಸಮಯ, ಕರಾರಿನ ಯಾವ ಷರತ್ತು ಮುರಿದಿದೆ ಎಂದು ಬರೆದ ಪತ್ರ. ನಂತರ ಮುಂಚಿತವಾಗಿ ತಿಳಿಸಿ ಒಂದು ಭೇಟಿ. ಸ್ಪೀಕರ್ ಗೋಡೆಗೆ ತಾಗಿಕೊಂಡಿದೆಯೇ, ನೇರ ಮರದ ನೆಲದ ಮೇಲಿದೆಯೇ ಎಂಬುದನ್ನು ಕಣ್ಣಾರೆ ನೋಡಬೇಕು. ಅರ್ಧ ಜಗಳ ಅದನ್ನು ಸರಿಸಿ, ಅಡಿಗೆ ದಪ್ಪ ರಬ್ಬರ್ ಹಾಸಿದರೆ ಮುಗಿಯುತ್ತದೆ. ಆಮೇಲೂ ನಿಲ್ಲದಿದ್ದರೆ ಎರಡನೇ ಎಚ್ಚರಿಕೆ. ಕೊನೆಗೆ ಮನೆ ಬಿಡಲು 28 ದಿನಗಳ ನೋಟಿಸ್, ಬಾಡಿಗೆ ವ್ಯಾಜ್ಯ ತೀರ್ಮಾನಿಸುವ ಟ್ರಿಬ್ಯುನಲ್‌ಗೆ ಅರ್ಜಿ. ಬೀಗ ಬದಲಿಸುವುದು, ಸಾಮಾನು ಹೊರಗೆ ಹಾಕುವುದು ಮಾತ್ರ ಕೂಡದು: ಅದು ಅಪರಾಧ, ಕಾಟ ಕೊಟ್ಟವನೇ ಫಿರ್ಯಾದಿಯಾಗುತ್ತಾನೆ.

ನೆರೆಯವರು ಕಾಟವನ್ನು ಬರೆದಿಡುವ ದಿನಚರಿ ಗಟ್ಟಿಯಾಗಿದ್ದರಷ್ಟೇ ದೂರು ಊರ್ಜಿತವಾಗಿ ನಿಲ್ಲುತ್ತದೆ. ‘ದಿನಾ ಗಲಾಟೆ’ ಎಂದು ಬರೆದರೆ ಬಿದ್ದುಹೋಗುತ್ತದೆ. ‘ಮಂಗಳವಾರ ರಾತ್ರಿ 11.40ರಿಂದ 1.15, ಗುಮ್ಮೆನ್ನುವ ಬಾಸ್ ಸದ್ದು, ಕಿಟಕಿ ಮುಚ್ಚಿದ್ದರೂ ಮಲಗುವ ಕೋಣೆಗೆ ಕೇಳಿತು, ಮಗು ಎರಡು ಸಲ ಎದ್ದಿತು’ ಎಂದಿದ್ದರೆ ನಿಲ್ಲುತ್ತದೆ. ಮೊಬೈಲ್ ಆ್ಯಪ್‌ನ ಡೆಸಿಬೆಲ್ ಅಂಕಿಯನ್ನು ನೆಚ್ಚಬೇಡಿ. ಬಾಸ್ ಸದ್ದನ್ನು ಅದು ಸರಿಯಾಗಿ ಅಳೆಯುವುದಿಲ್ಲ.

ವಿರೋಧ: ಮಾಲೀಕರನ್ನು ಪೊಲೀಸ್ ಮಾಡಬೇಡಿ

ಮಾಲೀಕರ ಬಳಿ ನಿಜವಾಗಿ ಇರುವ ಅಸ್ತ್ರ ಒಂದೇ, ಮನೆ ಖಾಲಿ ಮಾಡಿಸುವುದು. ಬಾಡಿಗೆ ನಿಂತೀತು ಎಂದು ಹೆದರಿಸಿದರೆ ಅವರು ಅದನ್ನೇ ಮೊದಲು ಎತ್ತುತ್ತಾರೆ. ಬಂದು ಹೋಗುವವರ ವರ್ತನೆಯೂ ಲೆಕ್ಕಕ್ಕೆ ಬರುತ್ತದಲ್ಲ, ಅಲ್ಲೇ ಇರುವುದು ಕುಣಿಕೆ. ಬಿಟ್ಟುಹೋದ ಗಂಡ ನಡುರಾತ್ರಿ ಬಂದು ಬಾಗಿಲು ಗುದ್ದುತ್ತಾನೆ; ನೆರೆಯವರ ದಿನಚರಿಯಲ್ಲಿ ‘ಎರಡನೇ ಮಹಡಿಯ ಮನೆ’ ಎಂದು ಬರೆಯಲಾಗುತ್ತದೆ. ಎಚ್ಚರಿಕೆ ಪತ್ರ ಹೋಗುವುದು ಆ ಹೆಂಗಸಿಗೆ. ಮನೆ ಬಿಡಿಸುವುದು ನ್ಯಾಯವೇ ಎಂದು ಟ್ರಿಬ್ಯುನಲ್ ತೂಗುತ್ತದೆ, ನಿಜ. ಆದರೆ ನೋಟಿಸ್ ಬಂದ ಮಾತ್ರಕ್ಕೆ ಹೊರಡಬೇಕಿಲ್ಲ, ಆದೇಶ ಬರುವವರೆಗೆ ಇರಬಹುದು ಎಂಬುದು ತಿಳಿಯದೆಯೇ ಗಂಟುಮೂಟೆ ಕಟ್ಟುವವರಿದ್ದಾರೆ.

ಇನ್ನು ಕಟ್ಟಡದ್ದೇ ತಪ್ಪಾದರೆ? ಗ್ಲಾಸ್ಗೋ, ಎಡಿನ್‌ಬರೋದ ಹಳೆಯ ಕಲ್ಲಿನ ವಠಾರಗಳಲ್ಲಿ ಮಹಡಿಯ ತೊಲೆಗಳ ನಡುವೆ ಸದ್ದು ತಡೆಯಲು ಬೂದಿ ತುಂಬುತ್ತಿದ್ದರು. ಪೈಪು ಹಾಕುವವರು ಅದನ್ನು ಅಲ್ಲಲ್ಲಿ ತೆಗೆದು ಹಾಗೇ ಬಿಡುತ್ತಾರೆ. ಅದರ ಮೇಲೆ ಯಾರೋ ಕಾರ್ಪೆಟ್ ಕಿತ್ತು ಮರದ ಹಲಗೆಗೆ ಪಾಲಿಶ್ ಹೊಡೆಸಿದರೆ ಮಗುವಿನ ಓಟವೂ ಕೆಳಗೆ ಸುತ್ತಿಗೆಯ ಏಟು. ಇದಕ್ಕೆ ಎಚ್ಚರಿಕೆ ಪತ್ರ ಬರೆದು ಏನು ಪ್ರಯೋಜನ? ಕಾರ್ಪೆಟ್, ಅದರಡಿಗೆ ದಪ್ಪ ಹಾಸು ಬೇಕು. ಮಾಮೂಲು ಬಾಳುವೆಯ ಸದ್ದು, ಗೋಡೆ ಎಷ್ಟೇ ತೆಳುವಾಗಿದ್ದರೂ, ಕಾನೂನಿನ ಅರ್ಥದ ಉಪದ್ರವವಲ್ಲ ಎಂದು 1999ರಲ್ಲಿ ಲಂಡನ್ನಿನ ಸದರ್ಕ್ ಕೌನ್ಸಿಲ್ ಮನೆಗಳ ಮೊಕದ್ದಮೆಯಲ್ಲಿ, ಆಗಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಹೇಳಿತ್ತು. ಉಪದ್ರವಕ್ಕೆ ಮಾಲೀಕರು ಸ್ವತಃ ಅನುಮತಿ ಕೊಟ್ಟಿರಬೇಕು, ಇಲ್ಲವೇ ಅದರಲ್ಲಿ ನೇರವಾಗಿ ಭಾಗಿಯಾಗಿರಬೇಕು. ಆಗ ಮಾತ್ರ ಹೊಣೆ ಎಂದು ಇನ್ನೊಂದು ಇಂಗ್ಲಿಷ್ ಮೊಕದ್ದಮೆಯಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ 2014ರಲ್ಲಿ ತೀರ್ಪಿತ್ತಿತು. ಆ ಗೆರೆಯೇ ಸರಿ.

ತಪ್ಪು ಮಾಡಿದವನನ್ನೇ ಹಿಡಿಯುವ ದಾರಿ ಅದೇ 2004ರ ಕಾಯ್ದೆಯಲ್ಲಿದೆ. ಕೌನ್ಸಿಲ್‌ನ ಶಬ್ದ ತಂಡ ಬಂದು ಅಳೆದು ಎಚ್ಚರಿಕೆ ನೋಟಿಸ್ ಕೊಡಬಹುದು. ಮತ್ತೆ ಸದ್ದು ಮಾಡಿದರೆ ಸದ್ದು ಮಾಡಿದವನಿಗೇ 100 ಪೌಂಡ್ ದಂಡ, ಸ್ಪೀಕರ್ ಜಪ್ತಿಯೂ ಆಗಬಹುದು. ಕಾಟ ಕೊಡಕೂಡದು ಎಂದು ಷೆರಿಫ್ ನ್ಯಾಯಾಲಯ ವ್ಯಕ್ತಿಯ ಮೇಲೆ ಹೊರಡಿಸುವ ವರ್ತನೆ ಆದೇಶವನ್ನು ಮೀರಿದರೆ ಅಪರಾಧ. ಮನೆ ಬದಲಿಸಿದರೂ ಆ ಆದೇಶ ಅವನ ಬೆನ್ನು ಬಿಡುವುದಿಲ್ಲ. ಮನೆ ಖಾಲಿ ಮಾಡಿಸಿದರೆ ಅದೇ ಸ್ಪೀಕರ್ ಮೂರು ಬೀದಿ ಆಚೆ ಇನ್ನೊಬ್ಬರ ತಲೆಯ ಮೇಲೆ ಮೊಳಗುತ್ತದೆ, ಅಷ್ಟೆ.