ಬೆಂಕಿ ಬಿರುಗಾಳಿ ಎಬ್ಬಿಸುವ ವಿಧಾನ

ದಾವಣಗೆರೆಯಲ್ಲಿ ರಾಜಕಾರಣಿಗಳ ಹೇಳಿಕೆಯಿಂದ ವಾರಕ್ಕೊಂದಾದರೂ ಬೆಂಕಿ ಬಿರುಗಾಳಿ ಏಳುತ್ತದೆ. ಹಾಗಂತ ಟಿವಿಯವರು ಹೇಳುತ್ತಾರೆ. ಅಗ್ನಿಶಾಮಕ ಠಾಣೆಗೆ ಮಾತ್ರ ಸುದ್ದಿ ಮುಟ್ಟಿರುವುದಿಲ್ಲ.

ಅಸಲಿ ಬಿರುಗಾಳಿ ಅಷ್ಟು ಸಲೀಸಲ್ಲ. 1943ರ ಜುಲೈನಲ್ಲಿ ಬಾಂಬು ಬಿದ್ದ ಹ್ಯಾಂಬರ್ಗ್‌ನಲ್ಲಿ ಬೀದಿಗೆ ಬೀದಿಯೇ ಒಟ್ಟಿಗೆ ಹೊತ್ತಿಕೊಂಡಿತು. ಕಾದ ಗಾಳಿ ಮೇಲೇರಿತು, ಆ ಜಾಗಕ್ಕೆ ಸುತ್ತಲಿನ ಗಾಳಿ ನುಗ್ಗಿತು, ನುಗ್ಗಿದ ಗಾಳಿಯೇ ಬೆಂಕಿಗೆ ಉಸಿರಾಯಿತು. ಮರಗಳು ಬುಡಸಮೇತ ಕಿತ್ತುಬಂದವು, ಸಾವಿರಾರು ಜನ ಸತ್ತರು. ಒಣ ಸರಕು, ಏಕಕಾಲಕ್ಕೆ ನೂರಾರು ಕಡೆ ಕಿಚ್ಚು, ಒಳಕ್ಕೆ ನುಗ್ಗುವ ಗಾಳಿ: ಮೂರೂ ಕೂಡಿದರೇನೇ ಅದು.

ನಮ್ಮ ರಾಜಕಾರಣಿಗಳದೂ ಅದೇ ಸೂತ್ರ. ಹೇಳಿಕೆ ಬೆಳಿಗ್ಗೆ 11ಕ್ಕೇ ಬರಬೇಕು. ಸಂಜೆಯಾದರೆ ಮಧ್ಯಾಹ್ನದ ಚರ್ಚೆ ತಪ್ಪಿತು. ಜಯದೇವ ವೃತ್ತವೊಂದರಲ್ಲೇ ಹಚ್ಚಿದರೆ ಆರಿಹೋಗುತ್ತದೆ. ಹರಿಹರ, ಹೊನ್ನಾಳಿ, ಚನ್ನಗಿರಿ, ಜಗಳೂರಿನಿಂದಲೂ ಒಟ್ಟಿಗೇ 'ಉಗ್ರ ಖಂಡನೆ' ಹೊರಡಬೇಕು. ಒಕ್ಕಣೆ ಒಂದೇ ಇದ್ದರೆ ಅಡ್ಡಿಯಿಲ್ಲ, ಊರಿನ ಹೆಸರು ಮಾತ್ರ ಬದಲಿಸಬೇಕು. ಎಡವಟ್ಟಾಗುವುದು ಇಲ್ಲೇ.

ಟೈರು ಒಂದು ಸಾಕು. ಆದರೆ ರಬ್ಬರು ಬೇಗ ಹೊತ್ತುವ ಪೈಕಿಯಲ್ಲ. ಮೇಲೆ ಸುರಿದ ಪೆಟ್ರೋಲು ಭಗ್ಗನೆ ಉರಿದು ಮುಗಿಯುತ್ತದೆ, ಟೈರು ಹಾಗೇ ಬಿದ್ದಿರುತ್ತದೆ, ಪೊಲೀಸರು ಎತ್ತಿಕೊಂಡು ಹೋಗುತ್ತಾರೆ. ಕ್ಯಾಮೆರಾ ಬರುವ ಮುಂಚೆ ಕಡ್ಡಿ ಗೀರುವವನು ಕಾರ್ಯಕರ್ತನೇ ಅಲ್ಲ.

ಇನ್ನು ಗಾಳಿ. ಅದನ್ನು ಎದುರು ಪಕ್ಷದವರು ಪುಕ್ಕಟೆ ಒದಗಿಸುತ್ತಾರೆ. ಅವರು ಬೈದಷ್ಟೂ ಉರಿ. ಅವರೇನಾದರೂ ಸುಮ್ಮನಿದ್ದುಬಿಟ್ಟರೆ ಹೇಳಿಕೆ ಕೊಟ್ಟವರೇ ಫೋನ್ ಹಚ್ಚಬೇಕಾಗುತ್ತದೆ: "ಏನ್ ಅಣ್ಣಾರೆ, ಒಂದ್ ಖಂಡನೇನೂ ಇಲ್ವಾ?"

ಅತ್ತ ಚಿತ್ರದುರ್ಗದ ಜೋಗಿಮಟ್ಟಿಯಂಥ ಗುಡ್ಡದಲ್ಲಿ ಬೇಸಿಗೆಯ ಒಣಹುಲ್ಲಿಗೆ ಒಂದು ಬೀಡಿತುಂಡು ಸಾಕು. ಕಿಚ್ಚು ಇಳಿಜಾರಿನಲ್ಲಿ ಮೇಲ್ಮುಖವಾಗಿಯೇ ಓಡುತ್ತದೆ. ಏರು 10 ಡಿಗ್ರಿ ಹೆಚ್ಚಿದರೆ ವೇಗ ಹೆಚ್ಚುಕಮ್ಮಿ ಇಮ್ಮಡಿ ಎಂಬುದು ಕಾಡುಬೆಂಕಿ ಬಲ್ಲವರ ಲೆಕ್ಕ. ಬೇಸಿಗೆಗೆ ಮೊದಲೇ ಹುಲ್ಲು ಸವರಿ, ಸುಟ್ಟು, ಬೆಂಕಿ ರೇಖೆ, ಅಂದರೆ ಕಿಚ್ಚು ದಾಟದಂಥ ಬೋಳು ಪಟ್ಟಿ, ಮಾಡಿಟ್ಟಿರಬೇಕು. ರೇಖೆ ತಡವಾದರೆ ಅರಣ್ಯ ವಾಚರ್‌ಗಳ ಕೈಯಲ್ಲಿ ಉಳಿಯುವುದು ಬೆಂಕಿ ಬಡಿದು ಆರಿಸುವ ಹಸಿ ಸೊಪ್ಪಿನ ಕೊಂಬೆ. ನೀರಿನ ಗಾಡಿ ಗುಡ್ಡ ಹತ್ತುವುದಿಲ್ಲ. ಈ ಬೆಂಕಿಗೆ ಒಳಪುಟದಲ್ಲಿ ನಾಲ್ಕು ಸಾಲು. ಖಂಡನೆ? ಹುಲ್ಲಿನ ಪರವಾಗಿ ಯಾರು ಖಂಡಿಸುತ್ತಾರೆ!

ಹೇಳಿಕೆಯ ಉರಿ ಆರಿಸಲು ಸೊಪ್ಪೂ ಬೇಡ. ಮೊದಲ ದಿನ 'ನನ್ನ ಮಾತು ತಿರುಚಲಾಗಿದೆ', ಎರಡನೇ ದಿನ 'ಯಾರಿಗಾದರೂ ನೋವಾಗಿದ್ದರೆ ವಿಷಾದ'. ಮೂರನೇ ದಿನಕ್ಕೆ ಹೊಸ ಹೇಳಿಕೆ ಸಿದ್ಧವಿರಲಿ. ಠಾಣೆಯಲ್ಲಿರುವ ಟೈರನ್ನು ಅಷ್ಟರೊಳಗೆ ಬಿಡಿಸಿಕೊಂಡು ಬರಲು ಯಾರನ್ನಾದರೂ ಕಳಿಸಿರಬೇಕು.