ಸತ್ಯಾಂಶ: ಎಚ್ಮಿಯಾಡ್ಜಿನ್ ಕೆಥೆಡ್ರಲ್ 1,700 ವರ್ಷಗಳಿಂದ ಹಾಗೇ ಇದೆಯೇ?

ಅರ್ಮೇನಿಯಾದ ಎಚ್ಮಿಯಾಡ್ಜಿನ್ ಕೆಥೆಡ್ರಲ್ ಕ್ರಿ.ಶ. 301ರಿಂದ ಒಂದು ಕಲ್ಲೂ ಕದಲದೆ ನಿಂತಿದೆ ಎಂಬ ಸಂದೇಶ ಫೋಟೊ ಸಮೇತ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿರುತ್ತದೆ. ಇದು ಅರ್ಧ ಸತ್ಯ.

ಅರ್ಮೇನಿಯಾಕ್ಕೆ ಕ್ರೈಸ್ತ ಧರ್ಮ ತಂದ ಸಂತ ಗ್ರೆಗರಿ 301–303ರ ಹೊತ್ತಿಗೆ ಇಲ್ಲಿ ಚರ್ಚ್ ಕಟ್ಟಿಸಿದನೆಂಬುದು ಅಲ್ಲಿನ ಪರಂಪರೆಯ ಮಾತು. ಜಗತ್ತಿನ ಅತಿ ಹಳೆಯ ಕೆಥೆಡ್ರಲ್‌ಗಳಲ್ಲಿ ಇದೂ ಒಂದು ಎನ್ನಲು ಅಡ್ಡಿಯಿಲ್ಲ. ಆದರೆ ಈಗಿನ ಕಟ್ಟಡದ ಮೂಲ ವಿನ್ಯಾಸ 5ನೇ ಶತಮಾನದ ಕೊನೆಯದು. ಶಿಥಿಲವಾಗಿದ್ದ ಚರ್ಚನ್ನು ಅರ್ಮೇನಿಯಾದ ಸೇನಾನಾಯಕ ವಾಹನ್ ಮಾಮಿಕೋನಿಯನ್ ಆಗ ಹೊಸದಾಗಿ ಕಟ್ಟಿಸಿದ. 1950ರ ದಶಕದ ಉತ್ಖನನದಲ್ಲಿ ನೆಲದಡಿ ಇನ್ನೂ ಹಳೆಯ ಅಡಿಪಾಯ ಸಿಕ್ಕಿತು.

ತಮಾಷೆಯೆಂದರೆ, ಫೋಟೊದಲ್ಲಿ ಮೊದಲು ಕಣ್ಣಿಗೆ ಬೀಳುವ ಭಾಗಗಳೇ ತೀರಾ ಈಚಿನವು. ಮುಂಭಾಗದ ಮೂರಂತಸ್ತಿನ ಗಂಟೆಗೋಪುರ, ನಡುವಿನ ಗುಮ್ಮಟ ಎರಡೂ 17ನೇ ಶತಮಾನದವು. ಒಳಗಿನ ಹೂಬಳ್ಳಿಗಳ ಚಿತ್ತಾರ 18ನೇ ಶತಮಾನದ್ದು: ನಘಾಶ್ ಹೊವ್ನಾತನ್ 1712ರಿಂದ 1721ರವರೆಗೆ ಬರೆದ, 1780ರ ದಶಕದಲ್ಲಿ ಮೊಮ್ಮಗ ಅದನ್ನು ಮುಂದುವರಿಸಿದ.

ನಿಜವಾದ ಹಳತು ಬೇಕಿದ್ದರೆ ಉತ್ತರದ ಹೊರಗೋಡೆಗೆ ಹೋಗಬೇಕು. ಅಲ್ಲಿ ಸವೆದ ಎರಡು ಉಬ್ಬುಶಿಲ್ಪಗಳಿವೆ. ಒಂದರಲ್ಲಿ ಸಂತ ಪೌಲ ಮತ್ತು ಅವನ ಶಿಷ್ಯೆ ಥೆಕ್ಲಾ, ಇನ್ನೊಂದರಲ್ಲಿ ಸಮತೋಳಿನ ಶಿಲುಬೆ. ಜೊತೆಗೆ ಗ್ರೀಕ್ ಅಕ್ಷರಗಳು. ಗೋಪುರಕ್ಕಿಂತ ಸಾವಿರ ವರ್ಷ ಹಳೆಯ ಈ ಕಲ್ಲುಗಳನ್ನು ಫಾರ್ವರ್ಡ್ ಮಾಡುವವರು ಮಾತ್ರ ಕಡಿಮೆ.

ಕದಲದ ಕಟ್ಟಡವಂತೂ ಅಲ್ಲ: ವರ್ಷಗಟ್ಟಲೆ ನಡೆದ ಜೀರ್ಣೋದ್ಧಾರ ಮುಗಿದು ಅದು ಮತ್ತೆ ತೆರೆದದ್ದೇ 2024ರಲ್ಲಿ.